ಹಿಮದ ನಾಡಿನಲ್ಲಿ ಜನರಲ್ ತಿಮ್ಮಯ್ಯ

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಹಗಲಿರುಳೆನ್ನದೆ ಸುರಿಯುವ ಮಳೆ, ಬೆಟ್ಟಗಳನ್ನು ಮರೆಮಾಡುವ ಮಂಜು, ಕಾಫಿ ತೋಟದ ನೆರಳಿನಲ್ಲಿ ಕಾಲಿಗೆ ಹತ್ತುವ ಜಿಗಣೆ, ಇವು ಆ ನಾಡಿನ ಮಕ್ಕಳಿಗೆ ಹುಟ್ಟಿನಿಂದಲೇ ಪರಿಚಿತ. ಬೆಂಗಳೂರಿನ ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಮಾಗಿಯ ಮುಂಜಾನೆ ಸ್ವೆಟರು ತೊಟ್ಟು ಶಾಲೆಗೆ ಹೊರಡುವ ವಿದ್ಯಾರ್ಥಿಯಂತೆಯೇ ಕೊಡಗಿನ ಬಾಲಕನಿಗೂ ಹಿಮವೆಂಬುದು ಪುಸ್ತಕದ ಚಿತ್ರಗಳಲ್ಲಿ ಕಾಣುವ ವಸ್ತು. ಅಂತಹ ನಾಡಿನಲ್ಲಿ ಹುಟ್ಟಿದವರೊಬ್ಬರು ಭಾರತದ ಸೈನಿಕರಿಗೆ ಹಿಮದ ಮೇಲೆ ನಡೆಯುವುದನ್ನೂ ಜಾರುವುದನ್ನೂ ಕಲಿಸುವ ಶಾಲೆಯೊಂದರ ಸ್ಥಾಪನೆಗೆ ಕಾರಣರಾದರು. ಅವರೇ ಜನರಲ್ ತಿಮ್ಮಯ್ಯ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ಇದೇ ಕೊಡಂದೇರ ಒಕ್ಕಕ್ಕೆ ಸೇರಿದವರು. ಒಂದೇ ಮನೆತನದಿಂದ ಇಬ್ಬರು ಸೇನಾಧಿಪತಿಗಳು ಬಂದುದು ಅಪರೂಪದ ಸಂಗತಿ. ತಿಮ್ಮಯ್ಯನವರ ತಂದೆ ಕಾಫಿ ಬೆಳೆಗಾರರು. ತಾಯಿ ಸಮಾಜಸೇವೆಗೆ ಹೆಸರಾದವರು. ಮನೆಯಲ್ಲಿ ಮಗನನ್ನು 'ಡುಬ್ಬು' ಎಂದು ಕರೆಯುತ್ತಿದ್ದರು. ಎಂಟನೆಯ ವಯಸ್ಸಿಗೇ ಬಾಲಕನು ತೌರಿನ ಬೆಚ್ಚನೆಯ ಆಸರೆಯನ್ನು ಬಿಟ್ಟು ನೀಲಗಿರಿಯ ಕೂನೂರಿನ ಶಾಲೆಗೆ ಹೋಗಬೇಕಾಯಿತು. ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಅನಂತರ ಡೆಹರಾಡೂನಿನ ಸೈನಿಕ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಭಾರತೀಯರಿಗೆ ಅಲ್ಲಿ ಬೆರಳೆಣಿಕೆಯ ಸ್ಥಾನಗಳು ಮಾತ್ರ ದೊರೆಯುತ್ತಿದ್ದ ಕಾಲವದು. 1926ರಲ್ಲಿ ಅವರು ಸೇನಾಧಿಕಾರಿಯಾಗಿ ಹೊರಬಂದರು.

ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬಾಗ್ದಾದ್, ವಾಯವ್ಯ ಗಡಿಪ್ರಾಂತ, ಕ್ವೆಟ್ಟಾ, ಮದ್ರಾಸು, ಹೀಗೆ ಊರಿಂದೂರಿಗೆ ಅವರ ಸೇವೆ ಸಾಗಿತು. 1935ರ ಭೀಕರ ಭೂಕಂಪದಲ್ಲಿ ಕ್ವೆಟ್ಟಾ ನಗರವು ನೆಲಸಮವಾದಾಗ, ಆಗಷ್ಟೇ ವಿವಾಹವಾಗಿದ್ದ ತಿಮ್ಮಯ್ಯನವರೂ ಅವರ ಪತ್ನಿ ನೀನಾ ಅವರೂ ಗಾಯಾಳುಗಳ ಸೇವೆಯಲ್ಲಿ ತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಪ್ರದೇಶದಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಶೌರ್ಯಪದಕವನ್ನು ಪಡೆದರು. ಆ ಯುದ್ಧದಲ್ಲಿ ರಣರಂಗದ ಬ್ರಿಗೇಡೊಂದನ್ನು ನಡೆಸುವ ಹೊಣೆ ದೊರೆತ ಭಾರತೀಯರು ಅವರೊಬ್ಬರೇ. ಆದರೆ ಅದೆಲ್ಲ ಕಾಡಿನ ಯುದ್ಧ. ಕೆಸರು, ಬಿಸಿಲು, ಸೊಳ್ಳೆಗಳ ನಡುವಿನ ಯುದ್ಧ. ಹಿಮದೊಡನೆ ಅವರ ನಿಜವಾದ ಮುಖಾಮುಖಿ 1948ರಲ್ಲಿ, ಅವರ ನಲವತ್ತೆರಡನೆಯ ವಯಸ್ಸಿನಲ್ಲಿ ಆಯಿತು.

ದೇಶವಿಭಜನೆಯ ಬೆನ್ನಿಗೇ ಕಾಶ್ಮೀರದಲ್ಲಿ ಯುದ್ಧ ಆರಂಭವಾಗಿತ್ತು. ಶ್ರೀನಗರ ಉಳಿದಿತ್ತು. ಆದರೆ ಅದರಾಚೆ, ಹಿಮಾಲಯದ ಬೆನ್ನಿನ ಮೇಲೆ, ಲಡಾಖಿನ ರಾಜಧಾನಿ ಲೇಹ್ ಹೆಚ್ಚುಕಡಮೆ ಅನಾಥವಾಗಿ ನಿಂತಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯು ಜೋಜಿಲಾ ಎಂಬ ಕಣಿವೆಮಾರ್ಗವನ್ನು ದಾಟಬೇಕು. ಅದರ ಎತ್ತರ 3,500 ಮೀಟರುಗಳಿಗೂ ಮಿಗಿಲು. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ಎತ್ತರ 1,748 ಮೀಟರ್. ಜೋಜಿಲಾ ಅದರ ಇಮ್ಮಡಿ. ಚಳಿಗಾಲದಲ್ಲಿ ಅಲ್ಲಿ ಆಳೆತ್ತರಕ್ಕೂ ಮೀರಿ ಹಿಮ ಬೀಳುತ್ತದೆ. ಎರಡು ಬದಿಯ ಇಳಿಜಾರುಗಳಿಂದ ಹಿಮದ ರಾಶಿಗಳು ಸಡಿಲಗೊಂಡು ಗುಡುಗಿನಂತೆ ಸದ್ದುಮಾಡುತ್ತ ಉರುಳಿ ಬರುತ್ತವೆ. ತಿಂಗಳುಗಟ್ಟಲೆ ದಾರಿ ಮುಚ್ಚಿಹೋಗುತ್ತದೆ.

ಅಂತಹ ದಾರಿಯನ್ನು ಆ ವರ್ಷದ ಫೆಬ್ರವರಿಯಲ್ಲಿ, ನಡುಚಳಿಗಾಲದಲ್ಲಿಯೇ ದಾಟಿದವರಿದ್ದರು. ಡೋಗ್ರಾ ರೆಜಿಮೆಂಟಿನ ಅಧಿಕಾರಿ ಪೃಥೀಚಂದರ ನೇತೃತ್ವದಲ್ಲಿ ಸುಮಾರು 40 ಮಂದಿ ಸ್ವಯಂಸೇವಕರು ಹಿಮದಲ್ಲಿ ನಡೆದು ಮಾರ್ಚಿಯಲ್ಲಿ ಲೇಹ್ ತಲುಪಿದರು. ಪೃಥೀಚಂದರು ಹಿಮದ ನಾಡಾದ ಲಾಹುಲ್ ಪ್ರದೇಶದವರು. ಹಿಮವನ್ನು ಬಲ್ಲವರಿಗೆ ಸಾಧ್ಯವಾದುದು ಬಯಲುಸೀಮೆಯ ಸೈನಿಕರಿಗೆ ಸಾಧ್ಯವಾಗುತ್ತಿರಲಿಲ್ಲ. ಅವರೊಡನೆ ಹೋಗಿದ್ದ ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರರು ಊರಿನ ಜನರನ್ನು ಕೂಡಿಸಿ ಸಿಂಧೂ ನದಿಯ ಸಮೀಪದಲ್ಲಿ ವಿಮಾನವಿಳಿಯುವ ಬಯಲೊಂದನ್ನು ಸಿದ್ಧಪಡಿಸಿದರು.

ಮೇ ತಿಂಗಳಲ್ಲಿ ತಿಮ್ಮಯ್ಯನವರು ಕಾಶ್ಮೀರ ಕಣಿವೆಯ ಸೇನಾವಿಭಾಗದ ಹೊಣೆಯನ್ನು ವಹಿಸಿಕೊಂಡರು. ಆ ತಿಂಗಳಲ್ಲಿಯೇ ಕಾರ್ಗಿಲ್ ಶತ್ರುವಿನ ವಶವಾಗಿ, ಲೇಹ್‌ಗಿದ್ದ ನೆಲದ ದಾರಿ ಕಡಿದುಹೋಯಿತು. ಉಳಿದದ್ದು ಆಕಾಶಮಾರ್ಗ ಒಂದೇ. ಆದರೆ ಆ ಆಕಾಶಮಾರ್ಗವೂ ಯಾರೂ ಹಾರದ ಮಾರ್ಗ. ಅಂದಿನ ಡಕೋಟಾ ವಿಮಾನಗಳು ಅಷ್ಟು ಎತ್ತರಕ್ಕೆ ನಿರ್ಮಿತವಾದವಲ್ಲ. ದಾರಿ ತೋರುವ ಸರಿಯಾದ ನಕ್ಷೆಗಳೂ ಇರಲಿಲ್ಲ. ವಾಯುಪಡೆಯ ಮೆಹರ್ ಸಿಂಗರು ತಾವೇ ವಿಮಾನವನ್ನು ನಡೆಸಲು ಮುಂದಾದರು. ಆ ಮೊದಲ ಪ್ರಯಾಣದಲ್ಲಿ ಅವರೊಡನೆ ತಿಮ್ಮಯ್ಯನವರೂ ಕುಳಿತರು. 1948ರ ಮೇ 24ರಂದು ವಿಮಾನವು ಶಿಖರಗಳ ನಡುವೆ ನುಸುಳಿಕೊಂಡು ಲೇಹ್‌ನ ಮರಳು ಬಯಲಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಸೇನಾವಿಭಾಗದ ಮುಖ್ಯಸ್ಥರೇ ಇಂತಹ ಅಪಾಯಕ್ಕೆ ಒಡ್ಡಿಕೊಳ್ಳಬಹುದೇ ಎಂದು ಯುದ್ಧಶಾಸ್ತ್ರವನ್ನು ಬಲ್ಲವರು ಕೇಳಬಹುದು. ಆದರೆ ಅದು ತಿಮ್ಮಯ್ಯನವರ ಸ್ವಭಾವವಾಗಿತ್ತು. ತಾವು ಹೋಗದ ಕಡೆಗೆ ಇತರರನ್ನು ಕಳುಹಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ಆ ಬಳಿಕ ವಿಮಾನಗಳಲ್ಲಿ ಸೈನಿಕರೂ ಮದ್ದುಗುಂಡುಗಳೂ ಬಂದುವು, ಲೇಹ್ ಉಳಿಯಿತು.

ಆದರೆ ವಿಮಾನಗಳಿಂದಲೇ ಚಳಿಗಾಲವನ್ನು ಕಳೆಯುವುದು ಆಗದ ಮಾತು. ದಾರಿ ತೆರೆಯಲೇಬೇಕು. ಸೆಪ್ಟೆಂಬರಿನಲ್ಲಿ ಜೋಜಿಲಾದ ಮೇಲೆ ನಡೆದ ದಾಳಿಗಳು ವಿಫಲವಾದವು. ಶತ್ರುಗಳು ಮೇಲಿನ ಬಂಡೆಗಳ ಗುಹೆಗಳಲ್ಲಿ ಕುಳಿತು ಗುಂಡಿನ ಮಳೆಗರೆದರು. ಇನ್ನೆರಡು ತಿಂಗಳಲ್ಲಿ ಹಿಮವು ದಾರಿಯನ್ನು ಮುಚ್ಚುವುದು ಖಚಿತ. ಅನಂತರ ಮುಂದಿನ ಬೇಸಿಗೆಯವರೆಗೆ ಲೇಹ್‌ನ ಗತಿ ಏನು?

ಆಗ ತಿಮ್ಮಯ್ಯನವರು ಯಾರೂ ಊಹಿಸದಿದ್ದ ಉಪಾಯವೊಂದನ್ನು ಕೈಗೊಂಡರು. ಜೋಜಿಲಾದ ಮೇಲೆ ಟ್ಯಾಂಕುಗಳನ್ನು ಹತ್ತಿಸುವುದೇ ಆ ಉಪಾಯ. ಜಗತ್ತಿನ ಯಾವ ಯುದ್ಧದಲ್ಲಿಯೂ ಅಷ್ಟು ಎತ್ತರಕ್ಕೆ ಟ್ಯಾಂಕುಗಳು ಅದುವರೆಗೆ ಹೋಗಿರಲಿಲ್ಲ. 7ನೆಯ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತರಲಾಯಿತು. ಹಗುರವಾಗಲೆಂದೂ ಗುರುತು ಸಿಕ್ಕದಿರಲೆಂದೂ ಅವುಗಳ ಮೇಲ್ಗೋಪುರಗಳನ್ನು ಕಳಚಿದ್ದರು. ದಾರಿಯ ಸೇತುವೆಗಳು ಅವುಗಳ ಭಾರವನ್ನು ತಾಳುವಂತಿರಲಿಲ್ಲ. ಬೆಟ್ಟದ ಬುಡವಾದ ಬಾಲ್ತಾಲಿನಿಂದ ಮೇಲಕ್ಕೆ ಹೇಸರಗತ್ತೆಗಳು ನಡೆಯುವಷ್ಟೇ ಕಿರಿದಾದ ಕಾಲುದಾರಿ. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ದಳದವರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯುಳ್ಳ ಈ ದಳದ ದಕ್ಷಿಣ ದೇಶದ ಮಂದಿ, ಕೊರೆಯುವ ಚಳಿಯಲ್ಲಿ, ಶತ್ರುವಿನ ಗುಂಡಿನ ಭಯದಲ್ಲಿ, ಬಂಡೆಗಳನ್ನು ಸಿಡಿಸಿ ರಸ್ತೆ ಮಾಡಿದರು. ಜೋಜಿಲಾದ ವಿಜಯವನ್ನು ನೆನೆಯುವಾಗ ಟ್ಯಾಂಕಿನವರಿಗಿಂತ ಮೊದಲು ಇವರನ್ನು ನೆನೆಯುವುದು ನ್ಯಾಯ.

ಹವಾಮಾನ ಕೆಟ್ಟು ದಾಳಿಯು ಕೆಲದಿನ ಮುಂದಕ್ಕೆ ಹೋಯಿತು. 1948ರ ನವೆಂಬರ್ 1ರಂದು ಟ್ಯಾಂಕುಗಳು ಹಿಮ ಕವಿದ ಕಣಿವೆಯನ್ನು ಏರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಟ್ಯಾಂಕುಗಳನ್ನು ಕನಸಿನಲ್ಲಿಯೂ ನಿರೀಕ್ಷಿಸದಿದ್ದ ಶತ್ರುಸೈನ್ಯವು ಕಂಗೆಟ್ಟು ಹಿಮ್ಮೆಟ್ಟಿತು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್‌ಗಳು ಮರಳಿ ದೊರೆತು, ಲೇಹ್‌ನ ದಾರಿ ತೆರೆಯಿತು.

ಗೆದ್ದವರು ಸಾಮಾನ್ಯವಾಗಿ ಗೆಲುವನ್ನೇ ಎಣಿಸುತ್ತ ಕೂರುತ್ತಾರೆ. ತಿಮ್ಮಯ್ಯನವರು ನಷ್ಟವನ್ನೂ ಎಣಿಸಿದರೆಂಬುದು ಅವರ ಮುಂದಿನ ಕಾರ್ಯದಿಂದ ತಿಳಿಯುತ್ತದೆ. ಅವರ ಸೈನಿಕರಲ್ಲಿ ಬಹುಮಂದಿ ಬಯಲುನಾಡಿನ ರೈತರ ಮಕ್ಕಳು. ಹಿಮಕ್ಕೆ ತಕ್ಕ ಉಡುಪಾಗಲಿ ಅನುಭವವಾಗಲಿ ಅವರಿಗಿರಲಿಲ್ಲ. ತೀವ್ರ ಶೀತದಲ್ಲಿ ರಕ್ತಸಂಚಾರ ನಿಂತು ಕೈಕಾಲುಗಳ ಬೆರಳುಗಳು ಮರಗಟ್ಟಿ, ಕಪ್ಪಾಗಿ, ಕೊನೆಗೆ ಕತ್ತರಿಸಬೇಕಾದ ಸ್ಥಿತಿ ಬರುತ್ತದೆ. ಬಿಸಿಲಿನಲ್ಲಿ ಹೊಳೆಯುವ ಹಿಮವನ್ನು ಬರಿಗಣ್ಣಿನಿಂದ ನೋಡುತ್ತ ನಡೆದರೆ ಕೆಲಕಾಲ ದೃಷ್ಟಿಯೇ ಹೋಗುತ್ತದೆ. ಶತ್ರುವಿನ ಗುಂಡಿಗೆ ಅಂಜದ ವೀರನೂ ಇವುಗಳೆದುರು ನಿಸ್ಸಹಾಯಕ.

ಇದರ ಫಲವಾಗಿ 1948ರ ಡಿಸೆಂಬರಿನಲ್ಲಿ, ಕದನವಿರಾಮಕ್ಕೂ ಮೊದಲೇ, ತಿಮ್ಮಯ್ಯನವರ 19ನೆಯ ಪದಾತಿ ವಿಭಾಗವು ಗುಲ್ಮಾರ್ಗದಲ್ಲಿ ಒಂದು ಸ್ಕೀ ಶಾಲೆಯನ್ನು ತೆರೆಯಿತು. ಗುಲ್ಮಾರ್ಗವೆಂದರೆ ಹೂವಿನ ಬಯಲು. ಸುಮಾರು 2,650 ಮೀಟರ್ ಎತ್ತರದಲ್ಲಿರುವ ಈ ಹುಲ್ಲುಗಾವಲು ಚಳಿಗಾಲದಲ್ಲಿ ಹಿಮದ ಹಾಸಾಗುತ್ತದೆ. 1920ರ ದಶಕದಿಂದಲೂ ಬ್ರಿಟಿಷ್ ಅಧಿಕಾರಿಗಳು ರಜೆಯಲ್ಲಿ ಇಲ್ಲಿಗೆ ಬಂದು, ದೇವದಾರು ಮರಗಳ ನಡುವಿನ ಇಳಿಜಾರುಗಳಲ್ಲಿ ಜಾರುತ್ತ ನಲಿಯುತ್ತಿದ್ದರು. ಅವರಿಗೆ ಅದು ಕೇವಲ ಕ್ರೀಡೆ. ಆ ಕ್ರೀಡೆಯ ತಾಣವೇ ಈಗ ಪಾಠಶಾಲೆಯಾಯಿತು.

ಸ್ಕೀ ಎಂದರೇನೆಂಬುದನ್ನು ಇಲ್ಲಿ ತಿಳಿಸುವುದು ಉಚಿತ. ಹೊಸದಾಗಿ ಬಿದ್ದ ಹಿಮವು ಹತ್ತಿಯಂತೆ ಮೆತುವಾದುದು. ಬೂಟು ಹಾಕಿದ ಮನುಷ್ಯನು ಅದರ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೆ, ಕೆಲವೊಮ್ಮೆ ಸೊಂಟದವರೆಗೆ ಹೂತುಹೋಗುತ್ತಾನೆ. ಅವನ ಭಾರವೆಲ್ಲ ಅಂಗಾಲಿನಷ್ಟು ಕಿರಿದಾದ ಜಾಗದ ಮೇಲೆ ಬೀಳುವುದೇ ಕಾರಣ. ಎರಡು ಕಾಲುಗಳಿಗೂ ಹೆಚ್ಚುಕಡಮೆ ಆಳುದ್ದದ, ಮುಂದುಗಡೆ ಮೇಲಕ್ಕೆ ಬಾಗಿದ ಪಟ್ಟಿಗಳನ್ನು ಕಟ್ಟಿಕೊಂಡರೆ ಭಾರವು ಹರಡಿಹೋಗಿ ಮನುಷ್ಯನು ಹಿಮದ ಮೇಲೆಯೇ ನಿಲ್ಲುತ್ತಾನೆ. ಇಳಿಜಾರಿನಲ್ಲಿ ಹಕ್ಕಿಯಂತೆ ಸಾಗುತ್ತಾನೆ. ಏರುವಾಗ ಹಿಂದಕ್ಕೆ ಜಾರದಂತೆ ಪಟ್ಟಿಗಳ ಅಡಿಗೆ ತುಪ್ಪಳದ ಚರ್ಮವನ್ನು ಬಿಗಿಯುವುದುಂಟು. ತುಪ್ಪಳದ ಕೂದಲು ಹಿಂದಕ್ಕೆ ಮಲಗಿರುವುದರಿಂದ ಮುಂದೆ ಸರಿಯಲು ಬಿಡುತ್ತದೆ, ಹಿಂದೆ ಸರಿಯಲು ಬಿಡುವುದಿಲ್ಲ. ನಿಧಾನವಾಗಿ ನಡೆಯಬೇಕಾದವರಿಗೆ ಮೊರದಂತೆ ಅಗಲವಾದ, ಜಾಲರಿ ಹೆಣೆದ ಹಿಮದ ಪಾದರಕ್ಷೆಗಳೂ ಇವೆ. ನಾರ್ವೆಯ ನಾನ್ಸೆನ್ ಎಂಬ ಸಾಹಸಿಯು 1888ರಲ್ಲಿ ಗ್ರೀನ್‌ಲೆಂಡಿನ ಹಿಮರಾಶಿಯನ್ನು ದಾಟಿದುದು ಮುಖ್ಯವಾಗಿ ಸ್ಕೀಗಳ ಬಲದಿಂದ. 1939ರ ಚಳಿಗಾಲದಲ್ಲಿ ಪುಟ್ಟ ಫಿನ್ಲೆಂಡಿನ ಸೈನಿಕರು ಬಿಳಿಯ ಉಡುಪು ತೊಟ್ಟು ಸ್ಕೀಗಳ ಮೇಲೆ ಸದ್ದಿಲ್ಲದೆ ಸಂಚರಿಸಿ ಬೃಹತ್ ರಷ್ಯಾ ಸೈನ್ಯವನ್ನು ತಡೆದು ನಿಲ್ಲಿಸಿದ್ದರು.

ಗುಲ್ಮಾರ್ಗದಲ್ಲಿ ರಾಜಸ್ಥಾನದ ಮರಳುಗಾಡಿನವನೂ ಮಲಬಾರಿನ ತೆಂಗಿನ ತೋಟದವನೂ ಒಂದೇ ಇಳಿಜಾರಿನಲ್ಲಿ ಬಿದ್ದು ಎದ್ದು ಕಲಿಯಬಹುದಾಯಿತು. ಹಿಮದ ಮೇಲಿನ ಆಟವಾದರೋ ಎಂತಹ ಗಂಭೀರನನ್ನೂ ಬಾಲಕನನ್ನಾಗಿ ಮಾಡುವಂತಹುದು. ಆದರೆ ಇಲ್ಲಿ ಆಟದೊಡನೆ ಪಾಠವೂ ಇತ್ತು. ಯಾವ ಇಳಿಜಾರಿನ ಹಿಮ ಕುಸಿಯಬಲ್ಲದು, ಹಿಮದಡಿ ಹೂತವನನ್ನು ಹುಡುಕುವುದು ಹೇಗೆ, ಹಿಮವನ್ನೇ ಕೊರೆದು ರಾತ್ರಿ ಕಳೆಯುವ ಗೂಡನ್ನು ಮಾಡುವುದು ಹೇಗೆ, ಇವೆಲ್ಲ ಎತ್ತರದ ಗಡಿಯಲ್ಲಿ ನಿಲ್ಲುವ ಸೈನಿಕನಿಗೆ ಬಂದೂಕಿನಷ್ಟೇ ಅಗತ್ಯವಾದ ವಿದ್ಯೆಗಳು.

ಶಾಲೆಯು ಬೆಳೆಯುವುದಕ್ಕೆ ಕಾಲ ಹಿಡಿಯಿತು. 1962ರ ಏಪ್ರಿಲಿನಲ್ಲಿ ಅದಕ್ಕೆ ಪೂರ್ಣಪ್ರಮಾಣದ ತರಬೇತಿ ಸಂಸ್ಥೆಯ ಸ್ಥಾನವೂ ಉನ್ನತ ಪರ್ವತಯುದ್ಧ ಶಾಲೆ ಎಂಬ ಅರ್ಥದ ಹೆಸರೂ ದೊರೆತವು. ಆರೇ ತಿಂಗಳಲ್ಲಿ ಚೀನಾ ಯುದ್ಧ ಬಂದೆರಗಿತು. ಹತ್ತಿಬಟ್ಟೆಯ ಉಡುಪಿನಲ್ಲಿ, ಕ್ಯಾನ್ವಾಸ್ ಬೂಟುಗಳಲ್ಲಿ ಹಿಮಾಲಯದ ಎತ್ತರಕ್ಕೆ ಹೋದ ಅನೇಕ ಸೈನಿಕರ ದುರವಸ್ಥೆಯನ್ನು ನೆನೆದರೆ, 1948ರ ಅನುಭವವನ್ನು ದೇಶವು ಸಾಕಷ್ಟು ಬೇಗ ಮನಸ್ಸಿಗೆ ತಂದುಕೊಳ್ಳಲಿಲ್ಲವೆಂದೇ ಹೇಳಬೇಕಾಗುತ್ತದೆ. 1984ರಿಂದ ಸಿಯಾಚಿನ್ ಹಿಮನದಿಯ ಮೇಲೆ ಸೈನಿಕರು ಕಾವಲು ನಿಂತ ಮೇಲಂತೂ ಈ ಶಾಲೆಯ ಮಹತ್ವ ಎಲ್ಲರಿಗೂ ಮನವರಿಕೆಯಾಯಿತು.

ತಿಮ್ಮಯ್ಯನವರು ಅಷ್ಟರಲ್ಲಿ ಬೇರೆ ಹೊಣೆಗಳತ್ತ ಸಾಗಿದ್ದರು. 1953ರಲ್ಲಿ ಕೊರಿಯಾ ಯುದ್ಧದ ಸೆರೆಯಾಳುಗಳ ಭವಿಷ್ಯವನ್ನು ತೀರ್ಮಾನಿಸುವ ಐದು ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. ಎರಡೂ ಪಕ್ಷಗಳು ಸಂಶಯದಿಂದ ನೋಡುತ್ತಿದ್ದ ಆ ಕೆಲಸವನ್ನು ಅವರು ನಡೆಸಿದ ರೀತಿಗೆ ಜಗತ್ತಿನ ಮನ್ನಣೆ ದೊರೆಯಿತು; 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಈ ಅವಧಿ ಸುಗಮವಾಗಿರಲಿಲ್ಲ. ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ಉಂಟಾದ ಭಿನ್ನಾಭಿಪ್ರಾಯದಿಂದ 1959ರಲ್ಲಿ ರಾಜೀನಾಮೆ ನೀಡಿ, ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಅದನ್ನು ಹಿಂತೆಗೆದುಕೊಂಡರು. ನಿವೃತ್ತರಾದ ಮೇಲೂ ವಿಶ್ರಾಂತಿ ಸಿಕ್ಕಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ಹೋದರು. ಅಲ್ಲಿಯೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ಅವರ ದೇಹಾಂತ್ಯವಾಯಿತು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನಡೆಸಲಾಯಿತು. ಸೈಪ್ರಸ್ ಸರ್ಕಾರವು 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಮಡಿಕೇರಿಯಲ್ಲಿ ಅವರು ಬೆಳೆದ 'ಸನ್ನಿ ಸೈಡ್' ಮನೆಯು 2021ರ ಫೆಬ್ರವರಿ 6ರಂದು ಸ್ಮಾರಕ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿದೆ. ಕರ್ನಾಟಕದ ತರುಣ ತರುಣಿಯರಿಗೆ ಬಂಡೆ ಹತ್ತುವುದು, ಚಾರಣ ಮೊದಲಾದ ಸಾಹಸವಿದ್ಯೆಗಳನ್ನು ಕಲಿಸುವ ರಾಜ್ಯದ ಅಕಾಡೆಮಿಯೂ ಅವರ ಹೆಸರನ್ನೇ ಹೊತ್ತಿದೆ. ಗುಲ್ಮಾರ್ಗದ ಶಾಲೆಯಲ್ಲಿ ಪ್ರತಿ ಚಳಿಗಾಲವೂ ಹೊಸ ತಂಡಗಳು ಸ್ಕೀ ಕಟ್ಟಿಕೊಳ್ಳುತ್ತವೆ. ಭಾರತದ ಸೈನಿಕರೊಡನೆ ಕೆಲವೊಮ್ಮೆ ಹೊರದೇಶಗಳ ಸೈನಿಕರೂ ಅಲ್ಲಿ ಹಿಮದ ವಿದ್ಯೆಯನ್ನು ಕಲಿತು ಹೋಗುತ್ತಾರೆ.