ನಿಂತುಹೋದ ಆಟ ಮತ್ತು ಪಾಸ್ಕಲ್

ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಘಟಕಕ್ಕೆ ಪೀಠಿಕೆಯಾಗಿ ನಾನು ಬ್ಲೇಸ್ ಪಾಸ್ಕಲ್‌ನ ಜೀವನವನ್ನು ಆರಿಸಿಕೊಂಡೆ. ಈ ಗಣಿತ ಹುಟ್ಟಿದ್ದೇ ನ್ಯಾಯವಾದ ಹಂಚಿಕೆಯ ಪ್ರಶ್ನೆಯಿಂದ ಎಂದು ಮಕ್ಕಳಿಗೆ ತಿಳಿಯಬೇಕಿತ್ತು.

ಪಾಸ್ಕಲ್ 1623ರಲ್ಲಿ ಫ್ರಾನ್ಸಿನ ಕ್ಲೆರ್ಮಾನ್‌ನಲ್ಲಿ ಹುಟ್ಟಿದ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ತಂದೆ ಎತಿಯೆನ್ ಮನೆಯಲ್ಲೇ ಪಾಠ ಹೇಳಿದ. ಮೊದಲು ಭಾಷೆಗಳು ಬರಲಿ ಎಂದು ಗಣಿತದ ಪುಸ್ತಕಗಳನ್ನು ಮಗನಿಂದ ದೂರವಿಟ್ಟ. ಆದರೂ ಹನ್ನೆರಡರ ಹುಡುಗ ನೆಲದ ಮೇಲೆ ಗೆರೆ ಎಳೆಯುತ್ತ ತ್ರಿಭುಜದ ಕೋನಗಳ ಮೊತ್ತವನ್ನು ತಾನೇ ಕಂಡುಕೊಂಡನೆಂದು ಅಕ್ಕ ಗಿಲ್ಬೆರ್ತ್ ಬರೆದಿದ್ದಾಳೆ. ಮುಂದೆ ತಂದೆಯ ತೆರಿಗೆ ಲೆಕ್ಕದ ಶ್ರಮ ತಗ್ಗಿಸಲು 1642ರಲ್ಲಿ ಹಲ್ಲುಚಕ್ರಗಳ ಲೆಕ್ಕಯಂತ್ರ ಮಾಡತೊಡಗಿದ.

1654ರಲ್ಲಿ ಶೆವಾಲಿಯೆ ದ ಮೆರೆ ಎಂಬ ಪರಿಚಿತನಿಂದ ಒಂದು ಹಳೆಯ ಸಮಸ್ಯೆ ಅವನ ಮುಂದೆ ಬಂತು. ಇಬ್ಬರು ತಲಾ 32 ನಾಣ್ಯ ಪಣವಿಟ್ಟಿದ್ದಾರೆ. ಮೊದಲು ಮೂರು ಸುತ್ತು ಗೆದ್ದವನಿಗೆ 64. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತಿತು. ಹಣ ಹಂಚುವುದು ಹೇಗೆ?

ಇಲ್ಲಿ ಕಥೆ ನಿಲ್ಲಿಸಿ ಮಕ್ಕಳನ್ನು ಕೇಳಿದೆ. ಹೆಚ್ಚಿನವರು 2:1 ಎಂದರು. 1494ರಲ್ಲಿ ಇಟಲಿಯ ಪಾಚೋಲಿ ಕೂಡ ಗೆದ್ದ ಸುತ್ತುಗಳ ಪ್ರಮಾಣದಲ್ಲೇ ಹಂಚಿದ್ದ. ಹಾಗಾದರೆ ಒಂದೇ ಸುತ್ತು ಮುಗಿದು ಆಟ ನಿಂತಿದ್ದರೆ ಎಂದು ಮತ್ತೆ ಕೇಳಿದೆ. ಎಲ್ಲವೂ ಒಬ್ಬನಿಗೇ ಹೋಗುತ್ತದೆ, ಅದು ಅನ್ಯಾಯ ಎಂದು ಒಬ್ಬಳು ಎದ್ದು ಹೇಳಿದಳು.

ಪಾಸ್ಕಲ್ ನೋಡಿದ್ದು ಮುಗಿದ ಸುತ್ತುಗಳನ್ನಲ್ಲ, ಉಳಿದ ಸುತ್ತುಗಳನ್ನು. ಮುಂದಿನ ಸುತ್ತನ್ನು ಮೊದಲನೆಯವನು ಗೆದ್ದರೆ 64 ಅವನದೇ. ಸೋತರೆ ಇಬ್ಬರೂ ಸಮ, ತಲಾ 32. ಅಂದರೆ 32 ಅವನಿಗೆ ಖಚಿತ, ಉಳಿದ 32ರಲ್ಲಿ ಅರ್ಧ. ಹಂಚಿಕೆ 48 ಮತ್ತು 16. ತುಲೂಸ್‌ನಲ್ಲಿದ್ದ ಫರ್ಮಾ ಇನ್ನೊಂದು ದಾರಿ ಹಿಡಿದ. ಎರಡು ಸುತ್ತುಗಳಿಗೆ ನಾಲ್ಕು ಸಾಧ್ಯತೆ, ಮೂರು ಮೊದಲನೆಯವನ ಪರ. ಮಕ್ಕಳು ನಾಲ್ಕನ್ನೂ ಕಪ್ಪುಹಲಗೆಯ ಮೇಲೆ ಬರೆದರು. ಉತ್ತರ ಅದೇ 3:1.

ಅದೇ ವರ್ಷದ ನವೆಂಬರ್‌ನಲ್ಲಿ ಆದ ದೈವಾನುಭವದ ಬಳಿಕ ಪಾಸ್ಕಲ್‌ನ ಮನಸ್ಸು ಹೆಚ್ಚಾಗಿ ಧರ್ಮಚಿಂತನೆಯಲ್ಲಿ ನೆಲೆಸಿತು. ಬಹುಕಾಲದ ಅನಾರೋಗ್ಯದಿಂದ ನರಳಿ 1662ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ.

ಲೆಕ್ಕ ಗೊತ್ತಿದ್ದರೆ ಜೂಜಿನಲ್ಲಿ ಗೆಲ್ಲಬಹುದೇ ಎಂದು ಒಬ್ಬ ಹುಡುಗ ಕೇಳಿದ. ಈ ಪ್ರಶ್ನೆಯನ್ನು ತಳ್ಳಿಹಾಕಬಾರದೆನಿಸಿ ಬ್ಲ್ಯಾಕ್‌ಜಾಕ್ ಇಸ್ಪೀಟಿನ ಉದಾಹರಣೆ ಕೊಟ್ಟೆ. ಅಲ್ಲಿ 21ನ್ನು ಮೀರದೆ ಅದರ ಸಮೀಪ ತಲುಪಬೇಕು. ಒಂದೇ ಬೆಲೆಯ ಎರಡು ಎಲೆ ಬಂದರೆ ಇನ್ನೊಂದು ಪಣವಿಟ್ಟು ಅವನ್ನು ಎರಡು ಆಟಗಳಾಗಿ ಬಿಡಿಸಬಹುದು. ಎರಡು ಎಂಟು ಸೇರಿದರೆ 16, ಇಕ್ಕಟ್ಟಿನ ಮೊತ್ತ, ಬಿಡಿಸುವುದು ಮೇಲು. ಎರಡು ಹತ್ತು ಸೇರಿದರೆ 20, ಹಾಗೆಯೇ ಬಿಡಬೇಕು. ಎರಡು ದಾರಿಗಳಲ್ಲೂ ಮುಂದೆ ಸಿಗಬಹುದಾದುದರ ಸರಾಸರಿಯನ್ನು ತೂಗಿನೋಡುವ ಪಾಸ್ಕಲ್‌ನ ರೀತಿಯೇ ಇದು. ಆದರೆ ಪ್ರತಿ ಸಲವೂ ಹೀಗೆ ಸರಿಯಾಗಿ ಬಿಡಿಸಿದರೂ ಆಟದ ನಿಯಮಗಳು ಸಾಮಾನ್ಯವಾಗಿ ಜೂಜುಕಟ್ಟೆಯವನ ಕಡೆಗೇ ವಾಲಿರುತ್ತವೆ. ಲೆಕ್ಕ ನಷ್ಟವನ್ನು ತಗ್ಗಿಸುತ್ತದೆ, ಲಾಭವಾಗಿಸುವುದಿಲ್ಲ. ಹುಡುಗ ಅದನ್ನು ಬರೆದುಕೊಂಡ.

ಮನೆಗೆಲಸವಾಗಿ ಎರಡು-ಸೊನ್ನೆಯಲ್ಲಿ ನಿಂತ ಆಟವನ್ನು ಕೊಟ್ಟೆ. ಮರುದಿನ ಹೆಚ್ಚಿನ ಪುಸ್ತಕಗಳಲ್ಲಿ 56 ಮತ್ತು 8 ಇತ್ತು.