ಫುಜಿನೊ ಮೇಷ್ಟ್ರ ಕೆಂಪು ಶಾಯಿ

ಆಧುನಿಕ ಚೀನೀ ಸಾಹಿತ್ಯದ ಹಿರಿಯ ಕಥೆಗಾರ ಲೂ ಶುನ್ (1881–1936) ಮೊದಲು ವೈದ್ಯನಾಗಬೇಕೆಂದು ಹೊರಟವರು. ನಿಜನಾಮ ಝೌ ಶುರೆನ್, ಊರು ಝೆಜಿಯಾಂಗ್ ಪ್ರಾಂತದ ಶಾವೋಶಿಂಗ್. ತಂದೆ ಬಹುಕಾಲ ಕಾಯಿಲೆಯಿಂದ ನರಳಿ, ನಾಟಿ ವೈದ್ಯರ ಔಷಧ ಫಲಿಸದೆ ತೀರಿಕೊಂಡರು. ಆ ನೋವೇ ಅವರನ್ನು ಪಾಶ್ಚಾತ್ಯ ವೈದ್ಯಶಾಸ್ತ್ರದ ಕಡೆ ತಿರುಗಿಸಿತು. ನಾನ್‌ಜಿಂಗ್‌ನಲ್ಲಿ ಓದು ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1902ರ ಏಪ್ರಿಲ್‌ನಲ್ಲಿ ಜಪಾನಿಗೆ ಬಂದರು. ಆಗಿನ್ನೂ ಇಪ್ಪತ್ತರ ಹುಡುಗ. ಈ ಬರಹದ ಮಟ್ಟಿಗೆ ‘ಅವನು’ ಎಂದೇ ಕರೆಯುತ್ತೇನೆ.

ಚೀನಾದಿಂದ ಜಪಾನಿಗೆ ಬಂದವನಿಗೆ ಭಾಷೆಯ ತೊಡಕು ವಿಚಿತ್ರ ಬಗೆಯದು. ಜಪಾನೀಯರು ಬರವಣಿಗೆಯಲ್ಲಿ ಚೀನೀ ಲಿಪಿಚಿಹ್ನೆಗಳನ್ನೂ ಬಳಸುತ್ತಾರೆ. ಹಾಗಾಗಿ ಅಂಗಡಿಯ ಫಲಕ ಕಣ್ಣಿಗೆ ತಿಳಿಯುತ್ತದೆ, ಅಂಗಡಿಯವನ ಮಾತು ಕಿವಿಗೆ ತಿಳಿಯುವುದಿಲ್ಲ. ವಾಕ್ಯರಚನೆಯೂ ಬೇರೆ. ಜಪಾನೀ ಭಾಷೆಯಲ್ಲಿ ಕ್ರಿಯಾಪದ ನಮ್ಮ ಕನ್ನಡದ ಹಾಗೆ ವಾಕ್ಯದ ಕೊನೆಗೆ ಬರುತ್ತದೆ, ನಾಮಪದದ ಹಿಂದೆ ವಿಭಕ್ತಿಯಂಥ ಸಣ್ಣ ಪದಗಳು ಅಂಟುತ್ತವೆ. ಚೀನೀ ಭಾಷೆಯ ಜಾಯಮಾನ ಹಾಗಲ್ಲ. ಅರ್ಧ ಗೊತ್ತಿರುವ ಭಾಷೆ ಪೂರಾ ಗೊತ್ತಿಲ್ಲದ ಭಾಷೆಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ತೆಲುಗಿನ ಗಡಿಯಲ್ಲಿ ಪಾಠ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟೋಕಿಯೊದ ಕೋಬುನ್ ಎಂಬ ಶಾಲೆಯಲ್ಲಿ ಅವನು ಎರಡು ವರ್ಷ ಜಪಾನೀ ಕಲಿತ. ಅಲ್ಲಿ ಸುತ್ತಲೂ ಚೀನೀ ಸಹಪಾಠಿಗಳೇ. ಉದ್ದ ಜಡೆಯನ್ನು ತಲೆಯ ಮೇಲೆ ಸುತ್ತಿ, ಅದರ ಮೇಲೆ ಟೋಪಿ ಇಟ್ಟು ಫುಜಿ ಪರ್ವತದಂತೆ ಕಾಣುತ್ತಿದ್ದ ಅವರ ಗುಂಪುಗಳು ಅವನಿಗೆ ಹಿಡಿಸಲಿಲ್ಲ. ಅವನು ತನ್ನ ಜಡೆಯನ್ನು ಕತ್ತರಿಸಿಕೊಂಡ. 1904ರ ಸೆಪ್ಟೆಂಬರ್‌ನಲ್ಲಿ ಚೀನೀಯರು ಹೆಚ್ಚಾಗಿ ಹೋಗದ ಉತ್ತರದ ಸೆಂಡಾಯ್ ಊರಿನ ವೈದ್ಯಕೀಯ ಶಾಲೆ ಸೇರಿದ. ಆ ಶಾಲೆಗೆ ಅವನೇ ಮೊದಲ ಚೀನೀ ವಿದ್ಯಾರ್ಥಿ.

ಶಾಲೆ ಅವನನ್ನು ಆದರದಿಂದಲೇ ನೋಡಿಕೊಂಡಿತು. ಶುಲ್ಕ ಕೇಳಲಿಲ್ಲ, ಊಟ ವಸತಿಯ ಬಗ್ಗೆ ಸಿಬ್ಬಂದಿ ತಲೆ ಕೆಡಿಸಿಕೊಂಡರು. ಅವನು ಮೊದಲು ಉಳಿದ ಮನೆ ಸೆರೆಮನೆಯ ಪಕ್ಕದಲ್ಲಿತ್ತು. ಸೊಳ್ಳೆಗಳ ಕಾಟಕ್ಕೆ ಮೂಗಿನ ಹೊಳ್ಳೆ ಮಾತ್ರ ಬಿಟ್ಟು ಮೈಯೆಲ್ಲ ಹೊದ್ದು ಮಲಗುತ್ತಿದ್ದ. ಊಟ ಒಗ್ಗಿತ್ತು. ಆದರೆ ಅಲ್ಲಿನ ಅಡುಗೆಯವನು ಕೈದಿಗಳಿಗೂ ಅಡುಗೆ ಮಾಡುತ್ತಾನೆಂಬ ಕಾರಣಕ್ಕೆ ಒಬ್ಬ ಅಧ್ಯಾಪಕರು ಒತ್ತಾಯಿಸಿ ಮನೆ ಬದಲಿಸಿಸಿದರು. ಹೊಸ ಮನೆಯಲ್ಲಿ ಕೆಸುವಿನ ದಂಟಿನ ಸಾರು ದಿನವೂ ಗಂಟಲಲ್ಲಿ ಇಳಿಯದಾಯಿತು. ಹೊಸಬನ ಬಗ್ಗೆ ಇಷ್ಟೆಲ್ಲ ಕಾಳಜಿ ಇತ್ತು, ಆದರೆ ತರಗತಿಯಲ್ಲಿ ಅವನಿಗೆ ಎಷ್ಟು ತಿಳಿಯುತ್ತಿದೆ ಎಂದು ಕೇಳಿದವರು ಒಬ್ಬರೇ.

ಅವರು ಅಂಗರಚನಾಶಾಸ್ತ್ರದ ಅಧ್ಯಾಪಕ ಫುಜಿನೊ ಗೆನ್‌ಕುರೊ. ತೆಳ್ಳಗಿನ ಕಪ್ಪು ಮನುಷ್ಯ. ಮಾತು ನಿಧಾನ, ರಾಗ ಎಳೆದಂತೆ. ಮೊದಲ ದಿನ ಅವರು ತಮ್ಮ ಹೆಸರು ಹೇಳಿದಾಗಲೇ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಟೈ ಕಟ್ಟುವುದನ್ನು ಮರೆಯುತ್ತಿದ್ದರು. ಹಳೆಯ ಕೋಟು ಹಾಕಿಕೊಂಡು ರೈಲಿನಲ್ಲಿ ಹೋಗುವಾಗ ಜೇಬುಗಳ್ಳನೆಂಬ ಸಂಶಯಕ್ಕೂ ಗುರಿಯಾಗಿದ್ದರೆಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಒಂದು ವಾರ ಕಳೆಯಿತು. ಅವರು ಝೌನನ್ನು ಕರೆಸಿ, ತಮ್ಮ ಪಾಠವನ್ನು ಬರೆದುಕೊಳ್ಳಲು ಆಗುತ್ತಿದೆಯೇ ಎಂದು ವಿಚಾರಿಸಿದರು. ಸ್ವಲ್ಪ ಆಗುತ್ತದೆ ಎಂದ. ಪುಸ್ತಕ ತರಲು ಹೇಳಿದರು. ಎರಡು ಮೂರು ದಿನಕ್ಕೆ ಅದು ತಿರುಗಿ ಬಂದಾಗ ಮೊದಲಿನಿಂದ ಕೊನೆಯವರೆಗೆ ಕೆಂಪು ಶಾಯಿ. ಅವನು ಕೇಳಿಸಿಕೊಳ್ಳದೆ ಬಿಟ್ಟ ವಿಷಯಗಳನ್ನು ತುಂಬಿಸಿದ್ದರು. ಅದರ ಜೊತೆಗೆ ವ್ಯಾಕರಣದ ತಪ್ಪುಗಳನ್ನೂ ಒಂದೊಂದಾಗಿ ತಿದ್ದಿದ್ದರು. ಮೂಳೆ, ರಕ್ತನಾಳ, ನರಗಳ ಪಾಠ ಮುಗಿಯುವವರೆಗೂ ವಾರವಾರ ಇದು ನಡೆಯಿತು. ಪಾರಿಭಾಷಿಕ ಪದಗಳು ಲ್ಯಾಟಿನ್ ಮತ್ತು ಜರ್ಮನ್‌ನಲ್ಲಿರುತ್ತಿದ್ದವು, ದಿನವೂ ಬಾಯಿಪಾಠ ಮಾಡಬೇಕಿತ್ತು. ಅಂದರೆ ಹುಡುಗ ಏಕಕಾಲಕ್ಕೆ ಮೂರು ಪರಭಾಷೆಗಳ ಜೊತೆ ಹೆಣಗುತ್ತಿದ್ದ.

ನಮ್ಮ ಬೋಧನಾಭ್ಯಾಸದ ಶಾಲೆಗಳಲ್ಲಿ ಮಕ್ಕಳ ಪುಸ್ತಕ ತೆರೆದರೆ ಪುಟದ ಕೆಳಗೆ ಒಂದು ಸಹಿ, ತಾರೀಖು, ಹೆಚ್ಚೆಂದರೆ ಸರಿ ಗುರುತು ಕಾಣುತ್ತದೆ. ಮಗು ಬರೆದದ್ದು ತಪ್ಪಾಗಿದ್ದು ವಿಷಯ ತಿಳಿಯದೆಯೋ, ನಮ್ಮ ಮಾತು ತಿಳಿಯದೆಯೋ ಎಂದು ಆ ಗುರುತು ಹೇಳುವುದಿಲ್ಲ. ಫುಜಿನೊ ಎರಡನ್ನೂ ಬೇರೆ ಬೇರೆಯಾಗಿ ನೋಡಿದರು. ಒಮ್ಮೆ ಝೌ ಮುಂಗೈಯ ರಕ್ತನಾಳವೊಂದನ್ನು ಅಂದಕ್ಕಾಗಿ ಕೊಂಚ ಸರಿಸಿ ಬರೆದಿದ್ದ. ಅದು ಭಾಷೆಯ ತಪ್ಪಲ್ಲ. ಅವರು ಮೆಲುದನಿಯಲ್ಲಿ, ಚಿತ್ರ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ನಾಳ ಇರುವ ಜಾಗವನ್ನು ನಾವು ಬದಲಿಸುವಂತಿಲ್ಲ ಎಂದು ತಿದ್ದಿಕೊಟ್ಟರು. ಹುಡುಗ ಬಾಯಲ್ಲಿ ಒಪ್ಪಿಕೊಂಡ, ಮನಸ್ಸಿನಲ್ಲಿ ಒಪ್ಪಲಿಲ್ಲ!

ವರ್ಷದ ಕೊನೆಗೆ 142 ಮಂದಿಯಲ್ಲಿ ಅವನ ಸ್ಥಾನ 68. ಅಷ್ಟಕ್ಕೇ ಕೆಲವು ಸಹಪಾಠಿಗಳಿಗೆ ಹೊಟ್ಟೆ ಉರಿಯಿತು. ವಿದ್ಯಾರ್ಥಿ ಸಂಘದವರು ಕೋಣೆಗೆ ಬಂದು ಅವನ ಪುಸ್ತಕಗಳನ್ನು ತಿರುವಿಹಾಕಿದರು. ಮೇಷ್ಟ್ರು ಪ್ರಶ್ನೆಗಳಿಗೆ ಗುರುತು ಹಾಕಿಕೊಟ್ಟಿದ್ದಾರೆಂದು ಆರೋಪಿಸಿದ ಅನಾಮಧೇಯ ಪತ್ರ ಬಂತು. ವಾಸ್ತವವಾಗಿ ಫುಜಿನೊ ಅವರ ಅಂಗರಚನಾಶಾಸ್ತ್ರದಲ್ಲಿ ಅವನಿಗೆ ಸಿಕ್ಕಿದ್ದು 59.3, ಅರವತ್ತೂ ಇಲ್ಲ. ಕೆಲವು ಗೆಳೆಯರು ಅವನ ಪರ ನಿಂತರು, ಪುಕಾರು ಅಡಗಿತು. ಬಲಹೀನ ದೇಶದವನು ತನ್ನ ಶಕ್ತಿಯಿಂದ ತೇರ್ಗಡೆಯಾಗಲಾರನೆಂದು ಜನ ಭಾವಿಸುತ್ತಾರೆಂಬ ಕಹಿ ಮಾತ್ರ ಉಳಿಯಿತು.

ಮರುವರ್ಷ ಸೂಕ್ಷ್ಮಜೀವಿಶಾಸ್ತ್ರದ ತರಗತಿಯಲ್ಲಿ ಬಿಡುವಿದ್ದಾಗ ರಷ್ಯಾ–ಜಪಾನ್ ಯುದ್ಧದ ಚಿತ್ರಗಳನ್ನು ತೋರಿಸುತ್ತಿದ್ದರು. ಗೂಢಚಾರನೆಂದು ಹಿಡಿದ ಚೀನೀಯನೊಬ್ಬನನ್ನು ಕೊಲ್ಲುವ ದೃಶ್ಯ. ಸುತ್ತ ನಿಂತು ನೋಡುತ್ತಿದ್ದವರೂ ಚೀನೀಯರೇ. ದೇಹಕ್ಕಿಂತ ಮನಸ್ಸಿಗೆ ಚಿಕಿತ್ಸೆ ಬೇಕೆಂದು ಅವನಿಗನಿಸಿತು. 1906ರಲ್ಲಿ ಶಾಲೆ ಬಿಟ್ಟ. ಮೇಷ್ಟ್ರಿಗೆ ನೋವಾಗದಿರಲೆಂದು, ಜೀವಶಾಸ್ತ್ರ ಓದಲು ಹೋಗುತ್ತೇನೆ, ನೀವು ಕಲಿಸಿದ್ದು ಉಪಯೋಗಕ್ಕೆ ಬರುತ್ತದೆ ಎಂದು ಸುಳ್ಳು ಹೇಳಿದ. ಅವರು ತಮ್ಮ ಭಾವಚಿತ್ರದ ಹಿಂದೆ ಅಗಲಿಕೆಯ ಎರಡು ಅಕ್ಷರ ಬರೆದು ಕೊಟ್ಟು, ಪತ್ರ ಬರೆಯುತ್ತಿರು ಎಂದರು. ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂಬ ಸಂಕೋಚದಿಂದ ಅವನು ಬರೆಯಲೇ ಇಲ್ಲ.

ಇಪ್ಪತ್ತು ವರ್ಷಗಳ ಮೇಲೆ, 1926ರಲ್ಲಿ, ಲೂ ಶುನ್ ಅವರು ಆ ಗುರುವಿನ ಹೆಸರಿನಲ್ಲೇ ಒಂದು ಪ್ರಬಂಧ ಬರೆದರು. ಬೀಜಿಂಗ್‌ನ ಮನೆಯಲ್ಲಿ ಬರೆಯುವ ಮೇಜಿನ ಎದುರು ಗೋಡೆಯಲ್ಲಿ ಆ ಭಾವಚಿತ್ರವಿತ್ತು. ಕೆಂಪು ಶಾಯಿಯ ಪುಸ್ತಕಗಳು ಮನೆ ಬದಲಿಸುವಾಗ ಕಳೆದುಹೋದವೆಂದು ಅವರು ಕೊರಗಿದ್ದರು. ಅವರು ತೀರಿಕೊಂಡ ಮೇಲೆ, 1951ರಲ್ಲಿ, ಅವು ಶಾವೋಶಿಂಗ್‌ನಲ್ಲಿ ಸಿಕ್ಕವು. ಈಗ ಬೀಜಿಂಗ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಫುಜಿನೊ ಅವರ ಕೆಲಸ ಬಹಳ ಹಿಂದೆಯೇ ಹೋಗಿತ್ತು. ಶಾಲೆ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರ ಅರ್ಹತೆ ಸಾಲದಾಗಿ, ಫುಕುಯಿ ಪ್ರಾಂತದ ತಮ್ಮ ಊರಿಗೆ ಮರಳಿ ಹಳ್ಳಿಯ ವೈದ್ಯರಾದರು. ಲೂ ಶುನ್ ತೀರಿಕೊಂಡ ಮೇಲೆ ಪತ್ರಕರ್ತರು ಹುಡುಕಿಕೊಂಡು ಬಂದಾಗ, ಭಾವಚಿತ್ರವನ್ನು ಯಾವಾಗ ಕೊಟ್ಟೆನೆಂಬುದು ಅವರಿಗೆ ನೆನಪಿರಲಿಲ್ಲ. ಆ ಹುಡುಗನಿಗೆ ಜಪಾನೀ ಸಾಲದೆ ಕಷ್ಟವಾಗುತ್ತಿದ್ದದ್ದು, ಪಾಠ ಮುಗಿದ ಮೇಲೆ ತಾವು ಉಳಿದು ಅವನು ತಪ್ಪಾಗಿ ಕೇಳಿಸಿಕೊಂಡದ್ದನ್ನು ತಿದ್ದುತ್ತಿದ್ದದ್ದು ನೆನಪಿತ್ತು.