ಡಾ. ಫಿಲಿಪ್ ಪಿನೆಲ್ (1745–1826)

ಮಾನಸಿಕ ಅಸ್ವಸ್ಥರಿಗೆ ಆಸ್ಪತ್ರೆಗಳಲ್ಲಿ ಮಾನವೀಯ ಚಿಕಿತ್ಸೆ ದೊರೆಯುವಂತೆ ಶ್ರಮಿಸಿದವರಲ್ಲಿ ಫ್ರಾನ್ಸ್ ದೇಶದ ಡಾ. ಫಿಲಿಪ್ ಪಿನೆಲ್ ಪ್ರಮುಖರು. ಇವರು 1745ರ ಏಪ್ರಿಲ್ 20ರಂದು ಜನಿಸಿ, 1773ರಲ್ಲಿ ಟುಲೂಸ್ ನಗರದಲ್ಲಿ ವೈದ್ಯಕೀಯ ಪದವಿ ಪಡೆದರು. ತೀವ್ರ ಖಿನ್ನತೆಗೊಳಗಾಗಿದ್ದ ಸ್ನೇಹಿತರೊಬ್ಬರ ಆತ್ಮಹತ್ಯೆಯು ಇವರನ್ನು ಮನೋರೋಗಗಳ ಅಧ್ಯಯನದತ್ತ ಸೆಳೆಯಿತು.

1793ರಲ್ಲಿ ಇವರು ಪ್ಯಾರಿಸ್ ಸಮೀಪದ ಬಿಸೆತ್ರ್ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು. ಅಲ್ಲಿ ಅನೇಕ ರೋಗಿಗಳನ್ನು ಸರಪಳಿಗಳಿಂದ ಬಂಧಿಸಿಡಲಾಗಿತ್ತು. ರಕ್ತ ಹೊರತೆಗೆಯುವುದು, ಭೇದಿ ಮಾಡಿಸುವುದು ಅಂದಿನ ಚಿಕಿತ್ಸಾ ಕ್ರಮಗಳಾಗಿದ್ದವು. ಪಿನೆಲ್ ಅವರು ಇವುಗಳಿಗೆ ಬದಲಾಗಿ ರೋಗಿಗಳನ್ನು ಪದೇ ಪದೇ ಭೇಟಿ ಮಾಡಿ, ಅವರ ಮಾತುಗಳನ್ನು ಸಮಾಧಾನದಿಂದ ಆಲಿಸಿ, ವಿವರಗಳನ್ನು ದಾಖಲಿಸುವ ಪದ್ಧತಿಯನ್ನು ಅನುಸರಿಸಿದರು.

ಬಿಸೆತ್ರ್‌ನ ಸರಪಳಿಗಳನ್ನು ತೆಗೆಸಿದವರು ಪಿನೆಲ್ ಎಂಬ ನಂಬಿಕೆ ಪ್ರಚಲಿತದಲ್ಲಿದೆ. ವಾಸ್ತವವಾಗಿ 1797ರಲ್ಲಿ ಈ ಕಾರ್ಯವನ್ನು ಕೈಗೊಂಡವರು ಮೇಲ್ವಿಚಾರಕ ಪ್ಯುಸಾನ್. ಇವರು ಹಿಂದೆ ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. ಪ್ಯುಸಾನ್ ಅವರ ಅನುಭವದಿಂದ ಕಲಿತ ಪಿನೆಲ್, ಸಾಲ್‌ಪೆಟ್ರಿಯೇರ್ ಮಹಿಳಾ ಆಸ್ಪತ್ರೆಯಲ್ಲಿಯೂ ಇದೇ ಕ್ರಮವನ್ನು ಜಾರಿಗೊಳಿಸಿದರು. 1801ರಲ್ಲಿ ಪ್ರಕಟವಾದ ಇವರ ಗ್ರಂಥವು ವಿಷಣ್ಣತೆಯನ್ನು ಮನೋರೋಗದ ಪ್ರಮುಖ ಪ್ರಭೇದಗಳಲ್ಲಿ ಒಂದೆಂದು ವಿವರಿಸಿತು. 1826ರ ಅಕ್ಟೋಬರ್ 25ರಂದು ಇವರು ಪ್ಯಾರಿಸ್‌ನಲ್ಲಿ ನಿಧನರಾದರು.

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಸಹ ರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಸರ್ಕಾರಿ ಸೇವೆಗಳ ಮೂಲಕ ಮಾನಸಿಕ ಆರೋಗ್ಯ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿದೆ.